ಮರಕ್ಕೆ ಎತ್ತಿ ಕೂರಿಸಬೇಡಿ, ಹತ್ತಲು ಬಿಡಿ

ಮಕ್ಕಳು ಮರ ಹತ್ತುವ ವಿಷಯದಲ್ಲಿ ಒಂದೇ ಒಂದು ನಿಯಮ ಇಟ್ಟುಕೊಳ್ಳುವುದಾದರೆ ಇದು: ತಾನಾಗಿ ಏರಲಾಗದ ಕೊಂಬೆಗೆ ಮಗುವನ್ನು ದೊಡ್ಡವರು ಎತ್ತಿ ಕೂರಿಸಬಾರದು. ಬೆಂಗಳೂರಿನ ಪಾರ್ಕುಗಳಲ್ಲಿ ನಡೆಯುವುದು ಇದರ ಉಲ್ಟಾ. ಫೋಟೊಗೆಂದು ನಾಲ್ಕು ವರ್ಷದ ಮಗುವನ್ನು ಕೊಂಬೆಯ ಮೇಲೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲ್ ಹಿಡಿಯುತ್ತಾರೆ. ಅದೇ ಮಗು ಪಕ್ಕದ ಮರದ ಬುಡದ ಗಂಟಿಗೆ ಕಾಲು ಕೊಟ್ಟು ಒಂದಡಿ ಏರಿದರೆ ‘ಏಯ್, ಬೀಳ್ತೀಯ, ಇಳಿ’ ಎಂದು ಕೂಗು. ಎರಡರಲ್ಲಿ ನಿಜಕ್ಕೂ ಭಯಪಡಬೇಕಾದ್ದು ಮೊದಲನೆಯದಕ್ಕೆ.

ತಾನೇ ಏರಿದ ಮಗುವಿಗೆ ದಾರಿ ಗೊತ್ತಿರುತ್ತದೆ. ಯಾವ ಗಂಟಿಗೆ ಕಾಲು ಸಿಕ್ಕಿತು, ಯಾವ ಕೊಂಬೆ ಅಲುಗಿತು, ತೋಳು ಎಲ್ಲಿ ಸೋತಿತು ಎಂಬುದೆಲ್ಲ ಅದರ ಮೈಗೆ ಗೊತ್ತು. ಸಾಕು ಅನಿಸಿದ ಕಡೆ ಅದೇ ನಿಲ್ಲುತ್ತದೆ. ಎತ್ತಿ ಕೂರಿಸಿದ ಮಗುವಿಗೆ ಇದ್ಯಾವುದೂ ಇಲ್ಲ. ತನ್ನ ಶಕ್ತಿಗೆ ಮೀರಿದ ಎತ್ತರದಲ್ಲಿ, ಇಳಿಯುವ ದಾರಿ ಕಾಣದೆ ಕೂತಿರುತ್ತದೆ. ಈ ನಿಯಮ ಜಾರುಬಂಡಿ, ಮಂಕಿ ಬಾರ್, ಬಂಡೆ, ಕಾಂಪೌಂಡ್ ಗೋಡೆ ಎಲ್ಲಕ್ಕೂ ಹೊಂದುತ್ತದೆ.

ಏರುವುದಕ್ಕಿಂತ ಇಳಿಯುವುದು ಕಷ್ಟ. ಏರುವಾಗ ಕಣ್ಣು ಮುಂದೆ, ಕೈ ಅದರ ಹಿಂದೆ. ಇಳಿಯುವಾಗ ಕಾಲು ಮೊದಲು ಹೋಗಬೇಕು, ಕಾಲಿಗೆ ಕಣ್ಣಿಲ್ಲ. ಹಾಗಾಗಿ ಮೊದಲ ಕೆಲವು ದಿನ ಒಂದು ಆಳೆತ್ತರ ಸಾಕು, ಅಷ್ಟನ್ನೇ ಹತ್ತಿ ಇಳಿಯುವುದನ್ನು ರೂಢಿ ಮಾಡಿಸಿ. ಮರಕ್ಕೆ ಮುಖ ಮಾಡಿಯೇ ಇಳಿಯಬೇಕು. ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಮರಕ್ಕೆ ಅಂಟಿರಬೇಕು. ಒಂದನ್ನು ಸರಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಮಗು ಸಿಕ್ಕಿಹಾಕಿಕೊಂಡರೆ ಮೇಲೇರಿ ಎತ್ತಿಕೊಳ್ಳುವ ಮೊದಲು ಮಾತಿನಲ್ಲಿ ಇಳಿಸಲು ನೋಡಿ: ‘ಎಡಗಾಲು ಕೆಳಗೆ ಬಿಡು, ಇನ್ನೂ ಸ್ವಲ್ಪ, ಅಲ್ಲೇ ಗಂಟಿದೆ, ಸಿಕ್ತಾ? ಈಗ ಬಲಗೈ.’ ನಿಮ್ಮ ಕೈ ಸೊಂಟದ ಹತ್ತಿರ ಸಿದ್ಧವಾಗಿರಲಿ, ಮುಟ್ಟುವುದು ಬೇಡ. ಹಿಡಿದುಕೊಂಡರೆ ಮಗು ತನ್ನ ಭಾರವನ್ನು ನಿಮ್ಮ ಮೇಲೆ ಬಿಟ್ಟು ಕೊಂಬೆಯ ಹಿಡಿತ ಸಡಿಲಿಸುತ್ತದೆ.

ಮರಕೋತಿ ಆಟ ಆಡಿದ ತಲೆಮಾರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮರದ ಬುಡದ ಹತ್ತಿರ ಒಂದು ವೃತ್ತ, ಅದರಲ್ಲೊಂದು ಕೋಲು. ಒಬ್ಬ ಕಾಲೆತ್ತಿ ಅದರಡಿಯಿಂದ ಕೋಲನ್ನು ದೂರ ಬೀಸಿ ಎಸೆಯುತ್ತಾನೆ. ಕಳ್ಳನಾದವನು ಓಡಿ ಅದನ್ನು ತಂದು ವೃತ್ತದಲ್ಲಿಡುವಷ್ಟರಲ್ಲಿ ಉಳಿದವರೆಲ್ಲ ಮರದ ಮೇಲೆ. ಆಮೇಲೆ ಅವನು ಯಾರನ್ನಾದರೂ ಮುಟ್ಟಬೇಕು, ಅವರು ಅವನಿಗೆ ಸಿಗದೆ ಇಳಿದು ಕೋಲು ಮುಟ್ಟಬೇಕು. ಗಮನಿಸಿ, ಗೆಲುವಿರುವುದು ಏರುವುದರಲ್ಲಲ್ಲ, ಇಳಿಯುವುದರಲ್ಲಿ. ಕೆಳಕೊಂಬೆಗೆ ಜೋತು ಕೈಬಿಟ್ಟು, ಮಂಡಿ ಬಾಗಿಸಿ ನೆಲಕ್ಕೆ ಬೀಳುವುದನ್ನು ಈ ಆಟ ಸಂಜೆಗೆ ಇಪ್ಪತ್ತು ಸಲ ಮಾಡಿಸುತ್ತದೆ. ಎಂಟು ವರ್ಷ ದಾಟಿದವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಹುಡುಕುವುದು ಕಷ್ಟ. ದುಡ್ಡು ಕೊಟ್ಟು ಸೇರಿಸುವ ಸಮ್ಮರ್ ಕ್ಯಾಂಪಿನ ‘ಅಡ್ವೆಂಚರ್’ನಲ್ಲಿ ಹಾರ್ನೆಸ್ ಕಟ್ಟಿ ಎಳೆದುಬಿಡುತ್ತಾರೆ, ಮಗು ನಿರ್ಧರಿಸುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನು ಮರ ಯಾವುದು ಎಂಬ ಪ್ರಶ್ನೆ. ನಮ್ಮೂರಿನ ರಸ್ತೆ ಬದಿಯ ಚೆಂದದ ಮರಗಳಲ್ಲಿ ಹಲವು ಹತ್ತಲು ಲಾಯಕ್ಕಲ್ಲ. ಗುಲ್ಮೊಹರ್, ಆಕಾಶಮಲ್ಲಿಗೆ, ಸ್ಪ್ಯಾಥೋಡಿಯಾ, ಸಿಲ್ವರ್ ಓಕ್ ಇವೆಲ್ಲ ಪೆಡಸು. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕಾರುಗಳ ಮೇಲೆ ಬೀಳುವುದರಲ್ಲಿ ಇವುಗಳ ಪಾಲು ದೊಡ್ಡದು. ನುಗ್ಗೆಯ ಮಾತೇ ಬೇಡ: ಕೊಂಬೆ ಲಟಕ್ಕನೆ ಮುರಿಯುತ್ತದೆ, ಸಾಲದ್ದಕ್ಕೆ ಕಂಬಳಿಹುಳ. ದೇವಕಣಗಿಲೆ, ಪಪ್ಪಾಯಿಯೂ ಬೇಡ. ನೇರಳೆ ನೋಡಲು ಗಟ್ಟಿ, ಆದರೆ ಹಣ್ಣಿನ ಆಸೆಗೆ ತುದಿಗೆ ಹೋದವರನ್ನು ಬೀಳಿಸುವುದರಲ್ಲಿ ಅದಕ್ಕೆ ಹೆಸರಿದೆ. ಒಳ್ಳೆಯವು ಸೀಬೆ, ಹುಣಸೆ, ಮಾವು, ಹೊಂಗೆ, ಹಲಸು. ಸೀಬೆ ಪುಟ್ಟ ಮಕ್ಕಳ ಮರ: ಕವಲು ಕೆಳಗೇ ಒಡೆದಿರುತ್ತದೆ, ಕೊಂಬೆ ಬಾಗುತ್ತದೆಯೇ ಹೊರತು ಬೇಗ ಮುರಿಯುವುದಿಲ್ಲ. ತೊಗಟೆ ಮಾತ್ರ ನುಣುಪು, ಒದ್ದೆಯಾದರೆ ಜಾರುತ್ತದೆ.

ಮಗು ಹತ್ತುವ ಮೊದಲು ದೊಡ್ಡವರು ಮರದ ಸುತ್ತ ಒಂದು ಸುತ್ತು ಬರಬೇಕು. ಎಲೆಯಿಲ್ಲದ, ತೊಗಟೆ ಉದುರಿದ ಕೊಂಬೆ ಒಣಗಿದ್ದು. ಅದನ್ನು ತೋರಿಸಿ ‘ಇದು ಇಲ್ಲ’ ಎಂದು ಹೇಳಿಬಿಡಿ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ ಎಂದರ್ಥ, ಆ ಮರ ಕೈಬಿಡಿ. ಕಾಲಿಡುವ ಕೊಂಬೆ ನಿಮ್ಮ ಮುಂಗೈಯಷ್ಟಾದರೂ ದಪ್ಪವಿರಲಿ, ಕಾಲಿಡುವುದು ಕಾಂಡಕ್ಕೆ ಸೇರುವ ಕಡೆಯೇ ಇರಲಿ. ಹೆಜ್ಜೇನಿದೆಯಾ ನೋಡಿ: ಮರವಷ್ಟೇ ಅಲ್ಲ, ಪಕ್ಕದ ಬಿಲ್ಡಿಂಗಿನ ಸಜ್ಜೆಯಡಿಯೂ. ಎಲೆಗಳನ್ನು ಹೆಣೆದು ಗೂಡು ಮಾಡಿದ ಕೆಂಜಿಗವಿದ್ದರೆ ಕಚ್ಚಿದ್ದಕ್ಕೆ ಮಗು ಎರಡೂ ಕೈ ಬಿಡುತ್ತದೆ, ಬೀಳುವುದು ಅದರಿಂದ. ಕೊನೆಯದು, ಮತ್ತು ಇದಕ್ಕೆ ರಿಯಾಯಿತಿಯೇ ಇಲ್ಲ, ಕರೆಂಟ್ ತಂತಿ. ಕೊಂಬೆಯ ಒಂದು ಎಲೆ ತಂತಿಗೆ ತಾಗುವಂತಿದ್ದರೂ ಆ ಮರ ಮಕ್ಕಳಿಗಲ್ಲ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಬೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ಕೊಂಬೆ ಕತ್ತರಿಸಲು ಹೇಳಬಹುದು.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು. ಅಲ್ಲಿ ಮರ ಹತ್ತಿದರೆ ಸೀಟಿ ಕೇಳಿಸುತ್ತದೆ, ಅದು ನ್ಯಾಯವೇ. ಹಳೆಯ ಮರಗಳಿಗೆ ದಿನಕ್ಕೆ ನೂರು ಮಕ್ಕಳ ಭಾರ ಬೇಡ. ಹತ್ತಲು ಬೇಕಾದ್ದು ಶಾಲೆಯ ಅಂಗಳದ ಹೊಂಗೆ, ಅಪಾರ್ಟ್‌ಮೆಂಟಿನ ಮೂಲೆಯ ಮಾವು, ಕನಕಪುರ ರಸ್ತೆಯಲ್ಲೋ ದೊಡ್ಡಬಳ್ಳಾಪುರದ ಕಡೆಯೋ ನೆಂಟರ ತೋಟ.

ಇಲ್ಲಿ ದೊಡ್ಡವರ ಕೆಲಸ ಯಾವುದು, ಮಕ್ಕಳದು ಯಾವುದು ಎಂಬ ಗೆರೆ ಕಾಣುತ್ತದೆ. ಕೊಂಬೆ ಎತ್ತರದಲ್ಲಿದೆ ಎಂದು ಮಗುವಿಗೆ ಕಾಣುತ್ತದೆ, ಅದರ ಲೆಕ್ಕ ಅದು ಹಾಕಲಿ. ಕೊಂಬೆಯ ಒಳಗೆ ಹುಳುಕಿರುವುದು ಕಾಣುವುದಿಲ್ಲ, ಅದನ್ನು ನೀವು ನೋಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ಸೈಕಲ್ ಬಿಡುವುದು ಬೇಡ ಎನ್ನುವುದೂ ಇದೇ ಕಾರಣಕ್ಕೆ: ಇಳಿಜಾರಿನ ವೇಗ ಮಗುವಿನ ಅಂದಾಜಿಗೆ ಸಿಗುತ್ತದೆ, ತಿರುವಿನಾಚೆಯ ಕಾರು ಸಿಗುವುದಿಲ್ಲ. ಮಳೆ ಬಂದಾಗಿನ ರಾಜಕಾಲುವೆ, ನೀರು ತುಂಬಿದ ಹಳೆಯ ಕಲ್ಲುಕ್ವಾರಿ, ಫುಟ್‌ಪಾತ್ ಮೇಲಿನ ಟ್ರಾನ್ಸ್‌ಫಾರ್ಮರ್, ಕೆಲಸ ನಡೆಯುತ್ತಿರುವ ಕಟ್ಟಡದ ಸಂಪು, ಇವುಗಳ ಹತ್ತಿರ ಆಟವೇ ಇಲ್ಲ. ಕ್ವಾರಿಯ ದಂಡೆಯಿಂದ ಒಂದು ಹೆಜ್ಜೆ ಇಟ್ಟರೆ ಆಳ ಹತ್ತಾರು ಅಡಿ. ಈಜು ಬಂದವರಿಗೂ ಹತ್ತಿ ಬರಲು ಅಂಚು ಸಿಗುವುದಿಲ್ಲ.

ಈಗ ನೆಲ. ಬೀಳುವುದನ್ನು ತಪ್ಪಿಸಲಾಗುವುದಿಲ್ಲ, ಎಲ್ಲಿ ಬೀಳುತ್ತಾರೆ ಎಂಬುದನ್ನು ಬದಲಿಸಬಹುದು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅತಿ ಮೋಸದ ಜಾಗವೆಂದರೆ ಪೋಡಿಯಂ, ಅಂದರೆ ಪಾರ್ಕಿಂಗ್ ಚಾವಣಿಯ ಮೇಲಿನ ಹಸಿರು ಪ್ಲಾಸ್ಟಿಕ್ ಹುಲ್ಲು. ನೋಡಲು ಮೆತ್ತಗೆ, ಅಡಿಯಲ್ಲಿ ನೇರ ಕಾಂಕ್ರೀಟ್. ಪರೀಕ್ಷೆ ಸುಲಭ: ಮಂಡಿಯೂರಿ ಮುಷ್ಟಿಯಿಂದ ಒಂದು ಗುದ್ದು ಕೊಡಿ. ನಿಮ್ಮ ಕೈ ನೊಂದರೆ ಆರಡಿ ಎತ್ತರದಿಂದ ಬಿದ್ದ ತಲೆಗೆ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ. ರಬ್ಬರ್ ಟೈಲ್ ಕೂಡ ದಪ್ಪ ನೋಡಿ ನಂಬಬೇಕು. ಎಷ್ಟು ಎತ್ತರದ ಬೀಳುವಿಕೆಗೆ ಪರೀಕ್ಷೆಯಾಗಿದೆ ಎಂದು ಅಸೋಸಿಯೇಷನ್‌ನವರು ಸರಬರಾಜುದಾರರಿಂದ ಬರವಣಿಗೆಯಲ್ಲಿ ಪಡೆಯಲಿ.

ಕಡಿಮೆ ಖರ್ಚಿನಲ್ಲಿ ಆಗುವುದು ಮರಳು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಆಟದ ಮೈದಾನದ ಕೈಪಿಡಿ ಕೂತ ಮೇಲೂ 9 ಇಂಚು ಉಳಿಯುವ ಮರಳನ್ನು 4 ಅಡಿ ಎತ್ತರದವರೆಗಿನ ಬೀಳುವಿಕೆಗೆ ಸಾಕೆನ್ನುತ್ತದೆ, ಅದಕ್ಕಿಂತ ಹೆಚ್ಚಿಗೆ ಅಲ್ಲ. ಮರಳಿನ ಹಾಸು ಆಟದ ಸಾಮಾನಿನ ಸುತ್ತ ಎಲ್ಲ ಕಡೆ 6 ಅಡಿ ಚಾಚಿರಬೇಕು. ಲೆಕ್ಕಕ್ಕೊಂದು ಉದಾಹರಣೆ: 12 ಅಡಿಗೆ 12 ಅಡಿಯ ಗುಂಡಿಯಲ್ಲಿ 9 ಇಂಚು ತುಂಬಲು 108 ಘನ ಅಡಿ ಬೇಕು. ಕೂರುತ್ತದೆ, ಹೊರಗೆ ಚೆಲ್ಲುತ್ತದೆ, ಆದ್ದರಿಂದ ಮೊದಲಿಗೆ 12 ಇಂಚು ತುಂಬುವಂತೆ 145-150 ತರಿಸಿ. ಗುಂಡಿ ಒಂದೂಕಾಲು ಅಡಿ ಅಗೆದು, ತಳದ 3 ಇಂಚು ಜಲ್ಲಿ, ಮೇಲೆ ನೀರಿಳಿಯುವ ಬಟ್ಟೆಯಂಥ ಹಾಸು, ಅದರ ಮೇಲೆ ಮರಳು. ಹಾಸು ಬಿಟ್ಟರೆ ಜಲ್ಲಿ ಆರು ತಿಂಗಳಲ್ಲಿ ಮೇಲೆ ಬರುತ್ತದೆ. ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುವ ಎಂ-ಸ್ಯಾಂಡ್ ಇದಕ್ಕಾಗದು: ಕ್ರಷರಿನ ಕೋನದ ಕಣ, ಜೊತೆಗೆ ಧೂಳು, ಎರಡು ಮಳೆಗೆ ರಸ್ತೆಯ ಹಾಗೆ ಗಟ್ಟಿಯಾಗುತ್ತದೆ. ಗುಂಡು ಕಣದ, ತೊಳೆದು ಜರಡಿ ಹಿಡಿದ ಮರಳೇ ಬೇಕು. ವಾರಕ್ಕೊಮ್ಮೆ ಗುದ್ದಲಿಯಲ್ಲಿ ಕೆದಕಿ ಸಡಿಲ ಮಾಡಿ. ಜಾರುಬಂಡಿಯ ತುದಿ ಮತ್ತು ಉಯ್ಯಾಲೆಯ ಅಡಿ ಮೊದಲು ಬರಿದಾಗುವ ಜಾಗ. ರಾತ್ರಿ ಟಾರ್ಪಾಲು ಹೊದಿಸದಿದ್ದರೆ ಬೆಳಿಗ್ಗೆ ಬೆಕ್ಕಿನ ಕೊಡುಗೆ ಖಂಡಿತ.

ಆಟದ ಸಾಮಾನಿನಲ್ಲಿ ಅಳೆಯಬೇಕಾದ್ದು ಎತ್ತರ ಮಾತ್ರವಲ್ಲ, ಸಂದಿಯನ್ನೂ. 9ರಿಂದ 23 ಸೆಂ.ಮೀ. ನಡುವಿನ ಸಂದಿ ಕೆಟ್ಟದ್ದು. ಮೈ ಕಾಲಿನ ಕಡೆಯಿಂದ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಸೈಕಲ್ ಹೆಲ್ಮೆಟ್ಟನ್ನು ಸೈಕಲ್ ಇಳಿದ ತಕ್ಷಣ ತೆಗೆಸಿ; ಹೆಲ್ಮೆಟ್ ಹಾಕಿಕೊಂಡು ಏಣಿ, ಮರ ಹತ್ತಿದರೆ ಅದು ಸಂದಿಯಲ್ಲಿ ಸಿಕ್ಕಿ ಪಟ್ಟಿ ಕುತ್ತಿಗೆ ಬಿಗಿಯುತ್ತದೆ. ದುಪಟ್ಟಾ, ಹುಡ್‌ನ ದಾರ, ಐಡಿ ಕಾರ್ಡಿನ ಟ್ಯಾಗ್ ಎಲ್ಲ ಬ್ಯಾಗಿನಲ್ಲಿರಲಿ. ಪುಟ್ಟ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಜಾರುಬಂಡಿ ಜಾರುವ ಅಪ್ಪಂದಿರು ಮಗುವಿನ ಸುರಕ್ಷೆಗೆಂದೇ ಹಾಗೆ ಮಾಡುತ್ತಾರೆ. ಆದರೆ ಮಗುವಿನ ಕಾಲು ಬದಿಗೆ ತಾಗಿ ತಡೆಯುತ್ತದೆ, ಅಪ್ಪನ ತೂಕ ಮುಂದಕ್ಕೆ ದೂಡುತ್ತದೆ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಬಿರಿಯುತ್ತದೆ. ಒಂಟಿಯಾಗಿ ಜಾರಲಾರದ ಮಗು ಜಾರುವುದೇ ಬೇಡ.

ಜೋಕಾಲಿ ಕಟ್ಟುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪುವುದು ಇಲ್ಲಿ ಹೆಚ್ಚು. ಕೊಂಬೆ ಜೀವಂತವಾಗಿದ್ದು, ಕಟ್ಟುವ ಕಡೆ ಕನಿಷ್ಠ 20 ಸೆಂ.ಮೀ. ದಪ್ಪವಿರಬೇಕು. ಕಾಂಡದಿಂದ ಒಂದು ಮೀಟರಿಗಿಂತ ಹತ್ತಿರ ಕಟ್ಟಿದರೆ ಮಗು ಕಾಂಡಕ್ಕೆ ಬಡಿಯುತ್ತದೆ, ಬಹಳ ದೂರ ಹೋದರೆ ಕೊಂಬೆ ಬಾಗುತ್ತದೆ. ಹಗ್ಗ 12 ಮಿ.ಮೀ. ಅಥವಾ ಹೆಚ್ಚು ದಪ್ಪದ ಪಾಲಿಯೆಸ್ಟರ್. ನೈಲಾನ್ ಆದೀತು, ಆದರೆ ಎಳೆಯುತ್ತದೆ. ಬೆಳಿಗ್ಗೆ ಒಂದೂವರೆ ಅಡಿ ಮೇಲಿದ್ದ ಮಣೆ ಸಂಜೆಗೆ ನೆಲ ಸವರುತ್ತದೆ. ಬಿಲ್ಡಿಂಗ್ ಕೆಲಸದ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸಾಯುತ್ತದೆ: ಉಜ್ಜಿದಾಗ ಬೆರಳಿಗೆ ಪುಡಿ ಹತ್ತಿದರೆ ಎಸೆಯಿರಿ. ತೆಂಗಿನ ನಾರಿನ ಹಗ್ಗ ಮಳೆಗೆ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದೇ ಇಲ್ಲ.

ಕೊಂಬೆಗೆ ಮೊದಲು ಹಳೆಯ ಸೈಕಲ್ ಟ್ಯೂಬೋ ಗೋಣಿಯೋ ಸುತ್ತಿ, ಅದರ ಮೇಲೆ ಹಗ್ಗ ಎರಡು ಸುತ್ತು. ಗಂಟು ಬೌಲೈನ್: ಹಗ್ಗದಲ್ಲಿ ಸಣ್ಣದೊಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನಿಂದ ಕುಣಿಕೆಯೊಳಗೆ ಮೇಲೆ ತಂದು, ಭಾರ ಹೊರುವ ಉದ್ದದ ಹಗ್ಗದ ಹಿಂದೆ ಸುತ್ತಿಸಿ, ಅದೇ ಕುಣಿಕೆಯೊಳಗೆ ವಾಪಸ್ ಇಳಿಸಿ, ಎಳೆದು ಬಿಗಿ ಮಾಡಿ. ಬಾಲ ಒಂದು ಗೇಣು ಬಿಡಿ, ಅದಕ್ಕೊಂದು ತಡೆಗಂಟು. ತೂಕ ಬಿದ್ದಾಗ ಈ ಗಂಟು ಜಾರುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಲು ಸುಲಭ.

ತೂಕದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಹಗ್ಗ ನೆಲಕ್ಕೆ ಸಮನಾಗುವಷ್ಟು ಎತ್ತರದಿಂದ ಜೀಕಿದರೆ, ಕೆಳಗೆ ಬಂದ ಕ್ಷಣದಲ್ಲಿ ಹಗ್ಗದ ಮೇಲೆ ಬೀಳುವುದು ತೂಕದ ಮೂರು ಪಟ್ಟು. 30 ಕೆ.ಜಿ.ಯ ಹುಡುಗಿ 90 ಆಗುತ್ತಾಳೆ. ಮೂವರು ಒಟ್ಟಿಗೆ ಹತ್ತಿದರೆ 270. ಇಬ್ಬರು ದೊಡ್ಡವರು ಜೋತುಬಿದ್ದು ಜಗ್ಗಿ ನೋಡಿದ ಹಗ್ಗ ಒಬ್ಬರಿಗೆ ಸಾಕು, ಮೂವರಿಗೆ ಸಾಲದು. ‘ಒಂದು ಸಲಕ್ಕೆ ಒಬ್ಬರು’ ಎಂಬುದು ಇಲ್ಲಿ ಶಿಸ್ತಿನ ಮಾತಲ್ಲ, ಲೆಕ್ಕದ ಮಾತು. ಒಂಟಿ ಹಗ್ಗ ಇಳಿಬಿಡುವುದಾದರೆ ತುದಿಯಲ್ಲಿ ದೊಡ್ಡ ಗಂಟೋ ಅಡ್ಡಕೋಲೋ ಇರಲಿ, ತಲೆ ತೂರುವಂಥ ಕುಣಿಕೆ ಎಲ್ಲೂ ಬೇಡ. ಸೀರೆಯ ಜೋಕಾಲಿಯಲ್ಲಿ ಮಕ್ಕಳು ಗಿರಗಿರ ತಿರುಗಿ ಕುತ್ತಿಗೆಗೆ ಸುತ್ತಿಕೊಂಡು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನವು ಮನೆಯೊಳಗೆ, ದೊಡ್ಡವರು ಪಕ್ಕದ ಕೋಣೆಯಲ್ಲಿದ್ದಾಗ. ಆಟ ಮುಗಿದ ಮೇಲೆ ಹಗ್ಗವನ್ನು ಬಿಚ್ಚಿ ಒಳಗಿಡಿ, ಇಲ್ಲವೇ ಮಕ್ಕಳಿಗೆ ಎಟುಕದಂತೆ ಮೇಲೆ ಸುತ್ತಿ ಕಟ್ಟಿ.

ಬಂಡೆಯ ವಿಷಯದಲ್ಲಿ ಬೆಂಗಳೂರಿನ ಮಕ್ಕಳು ಪುಣ್ಯವಂತರು. ಲಾಲ್‌ಬಾಗಿನ ಗುಡ್ಡ ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ; ಬಸವನಗುಡಿಯ ಕಹಳೆ ಬಂಡೆ, ತುರಹಳ್ಳಿಯ ಬಂಡೆಗಳೂ ಇದೇ ಜಾತಿ. ಒಣಗಿದ್ದಾಗ ಉಪ್ಪುಕಾಗದದಂತೆ ಕಾಲು ಹಿಡಿಯುತ್ತದೆ, ಬರಿಗಾಲು ಅಥವಾ ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಸಾಕು, ಚಪ್ಪಲಿ ಬೇಡ. ಮಳೆಯ ಮಾರನೆಯ ದಿನ ನೀರು ಇಳಿದ ಕಪ್ಪು ಪಟ್ಟಿಗಳು ಒಣಗಿದಂತೆ ಕಾಣುತ್ತವೆ, ಆದರೆ ಪಾಚಿ ಜಾರುತ್ತದೆ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಅಂಗೈ ಇಡಲಾಗದಷ್ಟು ಕಾದಿರುತ್ತದೆ. ಕೈ ಮುಟ್ಟಿಸದೆ ನಡೆದು ಏರಬಲ್ಲ ಇಳಿಜಾರಿನಲ್ಲೇ ಶುರು ಮಾಡಿಸಿ. ಇಳಿಯಲು ಹೆದರಿದರೆ ಕುಂಡೆಯ ಮೇಲೆ ಕೂತು ಜಾರಿಕೊಂಡು ಬರುವುದು ಮರ್ಯಾದೆಗೇಡಲ್ಲ, ಚಡ್ಡಿಯೊಂದು ಹರಿದೀತು ಅಷ್ಟೆ. ಬಂಡೆಯ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದನ್ನು ಅಭ್ಯಾಸ ಮಾಡಿಸಿ. ನಗರದ ಅಂಚಿನಲ್ಲಿ ನಾಗರವೂ ಇದೆ, ಕೊಳಕುಮಂಡಲವೂ ಇದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲುಗಿಸದಂತೆ ಮಲಗಿಸಿ ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಒಯ್ಯಿರಿ.

ಸಾಹಸದ ಆಟವೆಂದರೆ ಎತ್ತರ ಮಾತ್ರ ಅಲ್ಲ. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಇದನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತದ ಸಲಕರಣೆ, ಬೆಂಕಿ-ನೀರಿನಂಥ ಜಾಗ, ಗುದ್ದಾಟ, ದೊಡ್ಡವರ ಕಣ್ಣಿಂದ ಮರೆಯಾಗುವುದು. ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಕೊನೆಯದು ಸಿಗುವುದೇ ಇಲ್ಲ. ಎಂಟು ವರ್ಷದವರು ಗೇಟಿನೊಳಗೆ ಒಬ್ಬರೇ ಬ್ಲಾಕಿನಿಂದ ಬ್ಲಾಕಿಗೆ ಹೋಗಿ ಹಾಲಿನ ಪ್ಯಾಕೆಟ್ ತರಲಿ, ಅಲ್ಲಿಂದ ಶುರು.

ಚಾಕುವಿಗೆ ಮೊದಲು ತರಕಾರಿ ಸಿಪ್ಪೆ ತೆಗೆಯುವ ಪೀಲರ್ ಸಾಕು. ನೆಲದ ಮೇಲೆ ಕೂತು, ಮೊಣಕೈ ಮಂಡಿಗಿಂತ ಮುಂದೆ, ಅಲಗು ಮೈಯಿಂದ ಆಚೆಗೆ. ಮೊಂಡು ಚಾಕು ಕೊಟ್ಟರೆ ಕ್ಷೇಮ ಎಂದುಕೊಳ್ಳಬೇಡಿ. ಬಲ ಹಾಕಿ ಒತ್ತಿದಾಗ ಜಾರುವುದು ಅದೇ.

ಹಲಗೆ, ಟೈರು, ಪೆಟ್ಟಿಗೆ ಕೊಟ್ಟು ಮಕ್ಕಳೇ ಕಟ್ಟಲಿ ಎಂದು ಬಿಟ್ಟ ಮೊದಲ ಜಾಗ 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರಪ್‌ನಲ್ಲಿ ಆಯಿತು, ಐಡಿಯಾ ಸಿ. ಟಿ. ಸೋರೆನ್‌ಸೆನ್ ಎಂಬ ಉದ್ಯಾನ ವಿನ್ಯಾಸಕಾರರದು. ಇಲ್ಲಿ ಮಾಡುವುದಾದರೆ ಎರಡು ಎಚ್ಚರ. ಕಟ್ಟಡದವರು ಪುಕ್ಕಟೆ ಕೊಡುವ ಸೆಂಟ್ರಿಂಗ್ ಹಲಗೆಯಲ್ಲಿ ಮೊಳೆ ಇದ್ದೇ ಇರುತ್ತದೆ. ಅಯಸ್ಕಾಂತ ಆಡಿಸಿ ಹುಡುಕಿ, ಸುತ್ತಿಗೆಯಿಂದ ಬಗ್ಗಿಸುವುದಲ್ಲ, ಕಿತ್ತೇ ತೆಗೆಯಿರಿ. ಟೈರಿಗೆ ಕೆಳಭಾಗದಲ್ಲಿ ಡ್ರಿಲ್ಲಿನಿಂದ ನಾಲ್ಕಾರು ತೂತು ಹಾಕಿ. ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಒಂದು ವಾರ-ಹತ್ತು ದಿನದಲ್ಲಿ ಹಾರಲು ಸಿದ್ಧ. ಸವೆದು ತಂತಿ ಹೊರಬಂದ ಟೈರ್ ಬೇಡ.

ಬಿದ್ದಾಗ ಏನು ಮಾಡಬೇಕು ಎಂದು ಗೊತ್ತಿದ್ದರೆ ಬಿಡುವ ಧೈರ್ಯವೂ ಬರುತ್ತದೆ. ತರಚಿದ್ದಕ್ಕೆ ನಲ್ಲಿ ನೀರು, ಸೋಪು. ಅರಿಶಿನ, ಕಾಫಿಪುಡಿ ತುಂಬಬೇಡಿ, ಒಳಗಿನ ಮಣ್ಣು ಕಾಣದಂತಾಗುತ್ತದೆ. ಧನುರ್ವಾಯು ಲಸಿಕೆಯ 5-6, 10, 16 ವರ್ಷದ ಡೋಸ್ ಆಗಿದೆಯೇ ಎಂದು ಇವತ್ತೇ ಕಾರ್ಡ್ ನೋಡಿ. ಕೈ ಊರಿ ಬಿದ್ದು ಮೊಣಕೈ ಊದಿದರೆ ನೀವಬೇಡಿ, ಎಕ್ಸ್‌ರೇಗೆ ಮೊದಲು ನಾಟಿ ಕಟ್ಟು ಬಿಗಿಸಬೇಡಿ. ಬೆರಳು ತಣ್ಣಗಾದರೆ, ಬಿಳಚಿದರೆ, ಜೋಮು ಹಿಡಿದರೆ ಗಂಟೆ ಕಾಯುವಂತಿಲ್ಲ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಮಂಪರಿದ್ದರೆ, ಮೂಗು-ಕಿವಿಯಿಂದ ನೀರಿನಂಥದ್ದು ಸೋರಿದರೆ 108. ಇವ್ಯಾವುದೂ ಇಲ್ಲದೆ ಅತ್ತು ಸುಮ್ಮನಾಗಿ ಆಟಕ್ಕೆ ಮರಳಿದರೂ ಎರಡು ದಿನ ಕಣ್ಣಿಟ್ಟಿರಿ. ಮಾಮೂಲಿ ಹೊತ್ತಿಗೆ ನಿದ್ದೆ ಮಾಡಲು ಬಿಡಬಹುದು, ನಡುವೆ ಒಮ್ಮೆ ಎಬ್ಬಿಸಿ ಮಾತಾಡಿಸಿ.

ಹಲ್ಲು ಬುಡಸಮೇತ ಕಿತ್ತು ಬಂದರೆ ಅದನ್ನು ಹುಡುಕಿ, ಬೇರು ಮುಟ್ಟದೆ ಬಿಳಿ ಭಾಗದಲ್ಲಿ ಹಿಡಿದುಕೊಳ್ಳಿ. ಮಣ್ಣಾಗಿದ್ದರೆ ಕೆಲವೇ ಸೆಕೆಂಡ್ ನೀರು ಹಾಯಿಸಿ, ಉಜ್ಜಬೇಡಿ. ಶಾಶ್ವತ ಹಲ್ಲಾದರೆ ಅದೇ ಗುಳಿಗೆ ವಾಪಸ್ ಒತ್ತಿ, ಕರವಸ್ತ್ರ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ಇರಬೇಕು. ಹಾಲುಹಲ್ಲಾದರೆ ವಾಪಸ್ ಇಡಬೇಡಿ, ಅಡಿಯಲ್ಲಿ ಬರುತ್ತಿರುವ ಹಲ್ಲಿಗೆ ಏಟು ಬೀಳುತ್ತದೆ.